ಎರಡಡಿ ತೋಟಕ್ಕೆ ಗೊಬ್ಬರ

ಏನೂ ಬೆಳೆಯದ ಹಾಗೆ ನೋಡಿಕೊಳ್ಳುವುದೇ ನಮ್ಮ ಕುಪ್ಪಳ್ಳಿ ಕಡೆಯ ದೊಡ್ಡ ಕೃಷಿ. ಜೂನ್ ಮುಗಿಯುವಷ್ಟರಲ್ಲಿ ಅಂಗಳಕ್ಕೆ ಹಾವಸೆ ಹತ್ತಿ, ಅಡಿಕೆ ದಬ್ಬೆ ಹಾಸದೆ ಬಚ್ಚಲಿಗೆ ಹೋಗುವ ಹಾಗಿರುವುದಿಲ್ಲ. ಜುಲೈನಲ್ಲಿ ಹೆಂಚಿನ ಸಂದಿಯಲ್ಲಿ ಜರಿಗಿಡ. ಆಗಸ್ಟಿನಲ್ಲಿ ಮೂಲೆಗೆ ಬಿಟ್ಟ ಚಪ್ಪಲಿಗೆ ಬೂಸ್ಟು. ಕವಿಶೈಲದ ಕಲ್ಲುಗಳ ಮೇಲಂತೂ ಅವನ್ನು ರೂಪಿಸಿದ ಕಲಾವಿದ ಕೆ.ಟಿ. ಶಿವಪ್ರಸಾದ್ ಕಲ್ಪಿಸಿರದ ಹಸಿರು ಕೆಲಸ ಪ್ರತಿ ಮಳೆಗಾಲ ತಾನಾಗಿ ನಡೆಯುತ್ತದೆ. ಇಂಥ ಊರಲ್ಲಿ ಕೂತು ನೀರೊಳಗೆ ಕಳೆ ಬೆಳೆಸಲಿಕ್ಕೆ ದುಡ್ಡು ಕೊಟ್ಟು ಗ್ಯಾಸು ತರಿಸುವ, ಚಿನ್ನದ ತಕ್ಕಡಿಯಂಥದ್ದರಲ್ಲಿ ಗೊಬ್ಬರ ತೂಗುವ ಗೃಹಸ್ಥ ಒಬ್ಬನೇ. ಅವನ ಮನೆ ಕೇಳಿದರೆ ಊರವರು ಕವಿಮನೆಯ ದಾರಿಯಷ್ಟೇ ಸಲೀಸಾಗಿ ತೋರಿಸುತ್ತಾರೆ. ಕವಿಮನೆ ತೋರಿಸುವಾಗ ನಗುವುದಿಲ್ಲ, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ಬೀಕರಿನಲ್ಲಿ ಹೈಡ್ರಿಲ್ಲಾ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ಪ್ರನಾಳ, ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ. ನೀವೂ ಈ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೀರಿ. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ, ನೀರಲ್ಲಿ ಮುಳುಗಿದ ಎಲೆ ಬಿಸಿಲಿಗೆ ಗುಳ್ಳೆ ಬಿಡುವುದನ್ನೂ ಕತ್ತಲಾದರೆ ನಿಲ್ಲಿಸುವುದನ್ನೂ ನೋಡಿ ಪುಸ್ತಕವನ್ನೇ ಬರೆದ. ನಮ್ಮ ಶಾಲೆಯಲ್ಲಿ ಮಾತ್ರ ಆ ಗುಳ್ಳೆ ಪಿರಿಯಡ್ ಮುಗಿಯುವ ಮೊದಲು ಬಂದದ್ದಿಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲ, ಬೇಸಿಗೆಯಲ್ಲಿ ಪರೀಕ್ಷೆ. ಪಿಂಚಣಿ ಶುರುವಾದ ಮೇಲಾದರೂ ಆ ಗುಳ್ಳೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹುಟ್ಟಿತು. ತಕಾಶಿ ಅಮಾನೊ ಎಂಬ ಜಪಾನಿನ ಪುಣ್ಯಾತ್ಮ ಅದಕ್ಕೆ ತುಪ್ಪ ಸುರಿದ. ಸೈಕಲ್ ರೇಸು ಬಿಟ್ಟು ಕ್ಯಾಮೆರಾ ಹಿಡಿದ ಅವನು, ಗಾಜಿನ ತೊಟ್ಟಿಯಲ್ಲಿ ಮೀನು ಬರೀ ನೆಪ, ಗಿಡವೇ ಮುಖ್ಯ ಎಂದು ಲೋಕವನ್ನು ನಂಬಿಸಿ 2015ರಲ್ಲಿ ತೀರಿಕೊಂಡ. ಅವನ ತೊಟ್ಟಿಗಳ ಫೋಟೊ ನೋಡಿ ಕೆಟ್ಟವರಲ್ಲಿ ನಾನೂ ಒಬ್ಬ.

ನನ್ನ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ತುಂಬಿದರೆ 56 ಲೀಟರ್ ನೀರು. ಅದರೊಳಗಿನ ಗಿಡಕ್ಕೆ ಅತಿ ದೊಡ್ಡ ಕೊರತೆ ಇಂಗಾಲದ ಡೈಆಕ್ಸೈಡ್. ನೀರಿನಲ್ಲಿ ಅನಿಲ ಹರಡುವ ವೇಗ ಗಾಳಿಯಲ್ಲಿದ್ದುದರ ಹತ್ತು ಸಾವಿರದಲ್ಲೊಂದು ಪಾಲು. ಮಳೆಗಾಲದಲ್ಲಿ ಗಡಿಕಲ್ಲಿಗೆ ಬಸ್ಸು ಬಂದ ಹಾಗೆ. ಅದಕ್ಕೇ ಹೊರಗಿನಿಂದ ಕೊಡಬೇಕು. ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿಗೆ ಏರಿಸಿದರೆ ಗಿಡಕ್ಕೆ ಹಬ್ಬ, ಇನ್ನೂ ಏರಿಸಿದರೆ ಮೀನಿಗೆ ತಿಥಿ.

ಬಡವರ ವಿಧಾನ ಎಂದರೆ ಎರಡು ಲೀಟರಿನ ಬಾಟಲಿಗೆ ಸಕ್ಕರೆ, ನೀರು, ಬೇಕರಿಯ ಯೀಸ್ಟು ಹಾಕುವುದು. ಯೀಸ್ಟು ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ. ಗ್ಯಾಸು ಸಾಗಿಸಲು ಪೈಪು ಬೇಕಲ್ಲ, ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ತಂದೆ. ಅದರ ನಡುವಿನ ಪುಟ್ಟ ಕೋಣೆಯಲ್ಲಿ ಸೆಕೆಂಡಿಗೆ ಎಷ್ಟು ಗುಳ್ಳೆ ಹೋಯಿತೆಂದು ಎಣಿಸಲು ಬಹಳ ಅನುಕೂಲ. ಯಾರಿಗೆ ಹುಷಾರಿಲ್ಲ ಎಂದು ಅಂಗಡಿಯ ಹುಡುಗ ಕೇಳಿದ್ದಕ್ಕೆ ಗಿಡಕ್ಕೆ ಎಂದೆ. ಅವನು ಮರುಮಾತಿಲ್ಲದೆ ಚಿಲ್ಲರೆ ಕೊಟ್ಟ.

ಯೀಸ್ಟು ಗ್ಯಾಸಿನ ಜತೆ ಇನ್ನೊಂದನ್ನೂ ತಯಾರಿಸುತ್ತದೆ ಎಂಬುದನ್ನು ಮನೆಯಲ್ಲಿ ಮೊದಲು ಪತ್ತೆ ಹಚ್ಚಿದವರು ನಮ್ಮ ಅವ್ವ. ಜಗಲಿಗೆ ಬಂದು ಮೂಗರಳಿಸಿ, "ನಿನ್ನ ಅಪ್ಪನ ಕಾಲ್ದಲ್ಲಿ ಇದನ್ನ ಕಾಡೊಳಗೆ ಅಡಗಿಸಿ ಇಡ್ತಿದ್ರು ಕಣೋ. ನೀನು ಸೀದಾ ಜಗಲೀಲಿ ಲೈಟ್ ಹಾಕಿ ಇಟ್ಟೀಯಲ್ಲ," ಎಂದರು. ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿದ್ದಂತೆ ನನಗೆ ಕೇಳಿಸಿತು.

ಜುಲೈ ಚಳಿಗೆ ಯೀಸ್ಟು ಮುದುಡಿ ಮಲಗಿತು. ಬಾಟಲಿಯನ್ನು ಬಚ್ಚಲೊಲೆಯ ಪಕ್ಕ ಇಟ್ಟು ಪೈಪು ಉದ್ದ ಮಾಡಿದೆ. ಬೆಚ್ಚಗಾದದ್ದೇ ನೊರೆಯೆದ್ದು, ಪೈಪಿನೊಳಗೇ ಪ್ರಯಾಣ ಮಾಡಿ ತೊಟ್ಟಿ ಸೇರಿತು. ಬೆಳಗ್ಗೆ ನೀರು ಮಜ್ಜಿಗೆ ಬಣ್ಣ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ನಿಂತಿದ್ದವು, ಹಾಡು ಹೇಳುತ್ತಿದ್ದವೋ ನನ್ನನ್ನು ಬೈಯುತ್ತಿದ್ದವೋ ತಿಳಿಯದು. ಅರ್ಧಕ್ಕರ್ಧ ನೀರು ಬದಲಿಸಿದೆ. ಆಮೇಲೆ ಸೋಡ ಕಾರ್ಖಾನೆಯವರ ಸ್ನೇಹ, ಸಿಲಿಂಡರು, ರೆಗ್ಯುಲೇಟರು, ದೀಪ ಆರಿದೊಡನೆ ಗ್ಯಾಸು ನಿಲ್ಲಿಸುವ ವಾಲ್ವು ಎಲ್ಲ ಬಂದವು. ಎಷ್ಟಾಯಿತೆಂದು ಕೇಳಬೇಡಿ, ಹೆಂಡತಿಯೂ ಈ ಪತ್ರಿಕೆ ಓದುತ್ತಾಳೆ. ಡ್ರಾಪ್ ಚೆಕರ್ ಎಂಬ ಗಾಜಿನ ಬುರುಡೆಯನ್ನೂ ಒಳಗೆ ಅಂಟಿಸಿದ್ದೇನೆ. ಗ್ಯಾಸು ಕಡಿಮೆಯಾದರೆ ಅದರ ದ್ರವ ನೀಲಿ, ಹದವಾಗಿದ್ದರೆ ಹಸಿರು, ಹೆಚ್ಚಾದರೆ ಹಳದಿ. ಅವಳು ಈಗ ನನ್ನ ಮುಖ ನೋಡುವ ಬದಲು ಅದನ್ನೇ ನೋಡಿ, ಕಾಫಿ ಕೇಳಬಹುದೋ ಬಾರದೋ ಎಂದು ತೀರ್ಮಾನಿಸುತ್ತಾಳೆ.

ಗೊಬ್ಬರದ ಕಥೆ ಬೇರೆ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಬಣ್ಣದ ಬಾಟಲಿಗಳಲ್ಲಿ ಸಿಗುವ ಗಿಡದ ಟಾನಿಕ್ಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ನೈಟ್ರೇಟ್, ಮೊನೊ ಪೊಟ್ಯಾಸಿಯಂ ಫಾಸ್ಫೇಟ್ ಎಂದು ಬರೆದಿರುತ್ತದೆ. ಎಲಾ ಇವನ, ಇದು ನಮ್ಮ ಗೊಬ್ಬರದಂಗಡಿಯ 13-0-45 ಮತ್ತು 0-52-34 ಅಲ್ಲವೇ! ಅಡಿಕೆಗೆ ಸ್ಪ್ರೇ ಮಾಡುವ ಕಿಲೋ ಪೊಟ್ಟಣ. ಸಂಭ್ರಮದಲ್ಲಿ ತೀರ್ಥಹಳ್ಳಿಗೆ ಹೋದೆ.

"ಎಷ್ಟು ಎಕರೆಗೆ ಮೇಷ್ಟ್ರೆ?" ಎಂದರು ಅಂಗಡಿಯವರು.

ಅರ್ಧ ಎಕರೆ ಎಂದಿದ್ದರೆ ಮುಗಿಯುತ್ತಿತ್ತು. ನಾಲಗೆ ಸತ್ಯ ನುಡಿಯಿತು. "ಎರಡು."

"ಎರಡೆಕರೆಗೆ ನಾಲ್ಕು ಡ್ರಮ್ಮಾದ್ರೂ ಬೇಕು. ನಾಲ್ಕು ನಾಲ್ಕು ಕೇಜಿ ಹಾಕ್ಲಾ?"

"ಎಕರೆ ಅಲ್ಲ. ಅಡಿ."

ಅಂಗಡಿಯ ಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಗೌಡರೊಬ್ಬರು ಜಗಿಯುವುದನ್ನು ನಿಲ್ಲಿಸಿದರು. ಎಕರೆಗೆ 43,560 ಚದರಡಿ, ಗುಂಟೆಗೆ 1,089. ನನ್ನ ಹಿಡುವಳಿ ಒಂದು ಗುಂಟೆಯ ಐನೂರ ನಲವತ್ತನಾಲ್ಕನೇ ಒಂದು ಪಾಲು. ಇಷ್ಟು ಸಣ್ಣ ಜಮೀನಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದದ್ದಿದೆ, ಗೊಬ್ಬರದಂಗಡಿಗೆ ಬಂದವರಿರಲಿಲ್ಲ.

"ಎಂತ ಬೆಳೆ?" ಎಂದರು ಗೌಡರು.

"ನೀರೊಳಗಿನ ಗಿಡ."

"ಭತ್ತವಾ?"

"ಅಲ್ಲ."

"ಹಂಗಾರೆ ತಾವರೆ."

"ಅದೂ ಅಲ್ಲ. ಹೂವು ಬಿಡಲ್ಲ."

"ಕಾಯಿ?"

"ಇಲ್ಲ."

"ಸೊಪ್ಪು ಪಲ್ಯಕ್ಕೆ ಬರ್ತದಾ?"

"ತಿಂದ್ರೆ ಬಾಯಿ ತುರಿಸ್ತದೆ."

"ದನಕ್ಕಾದ್ರೂ?"

"ದನಕ್ಕೆ ಹಾಕುವಷ್ಟು ಇಲ್ಲ."

"ಮತ್ತೆ ಎಂತಕ್ಕೆ ಮಾರಾಯ್ರೆ?"

"ನೋಡ್ಲಿಕ್ಕೆ."

ಗೌಡರು ಎದ್ದು ಹೋಗಿ ಮೋರಿಗೆ ಉಗಿದು, ಬಾಯಿ ಒರೆಸಿಕೊಂಡು ಬಂದು, ಸಾವಕಾಶ ಕೂತರು. ಇದು ಎಲೆಯಡಿಕೆ ತುಂಬಿದ ಬಾಯಲ್ಲಿ ಮಾತಾಡುವ ವಿಷಯವಲ್ಲ ಎಂದು ಅವರಿಗೆ ಅನ್ನಿಸಿತ್ತು. ಅಷ್ಟರಲ್ಲಿ ಅಂಗಡಿಯವರು ಉಪಕಾರ ಮಾಡಲು ಹೋಗಿ, ಎಲ್ಲರೂ ಒಯ್ಯುವ 19-19-19 ಸಾಕಲ್ಲ ಎಂದರು. ಅದರಲ್ಲಿ ಯೂರಿಯಾ, ಅಮೋನಿಯಾ ಇರುತ್ತದೆ, ಮೀನು ಸಾಯುತ್ತವೆ ಎಂದೆ.

"ಮೀನೂ ಇದಾವಾ!" ಗೌಡರ ಮುಖ ಅರಳಿತು. ಹತ್ತುಮೀನು ಕಡಿಯುವ ಸೀಮೆಯ ಮನುಷ್ಯ. ಕೊನೆಗೂ ನಾನು ಅರ್ಥವಾಗುವ ಮಾತಾಡಿದ್ದೆ. "ಮೊದ್ಲೇ ಹೇಳ್ಬಾರ್ದಾ? ಕಾಟ್ಲಾನಾ, ರೋಹುನಾ?"

"ಒಂದಿಂಚಿನ ಮೀನು."

"ಮರಿ ಬಿಟ್ಟಿದೀರಿ. ದೊಡ್ಡಾದ್ರೆ ಎಷ್ಟು ಬರ್ತದೆ?"

"ಒಂದಿಂಚಿಗೇ ನಿಲ್ತದೆ."

ತೇಜಸ್ವಿಯವರು ಬದುಕಿದ್ದು ಈ ತೊಟ್ಟಿ ನೋಡಿದ್ದರೆ ಗಾಳ ಹಾಕುತ್ತಿದ್ದರು ಎಂದು ಯಾರೋ ಹಿಂದಿನಿಂದ ಅಂದರು. ಅಂಗಡಿಯವರು ಅಷ್ಟರಲ್ಲಿ ಕ್ಯಾಲ್ಕುಲೇಟರ್ ತೆಗೆದಿದ್ದರು. ವಾರಕ್ಕೆ ನನಗೆ ಬೇಕಾದದ್ದು 13-0-45 ಎರಡು ಗ್ರಾಂ, 0-52-34 ಗ್ರಾಮಿನ ಮೂರನೇ ಒಂದು ಪಾಲು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಅವರಿಗೆ ಬಾಯಿಪಾಠ. ಗುಣಿಸಿ ಭಾಗಿಸಿ, "ಪೊಟ್ಯಾಷ್ ಲೆಕ್ಕದಲ್ಲಿ ನಿಮ್ದು ಮುಕ್ಕಾಲು ಮರವೂ ಅಲ್ಲ, ಅರ್ಧ ಮರವೂ ಅಲ್ಲ. ಮೂರನೇ ಒಂದು ಮರ ಅನ್ನಿ," ಎಂದು ತೀರ್ಪು ಕೊಟ್ಟರು. ಕಿಲೋ ಪೊಟ್ಟಣಕ್ಕಿಂತ ಚಿಕ್ಕದು ಅವರಲ್ಲಿರಲಿಲ್ಲ. ಮೊದಲನೆಯದು ಒಂಬತ್ತೂವರೆ ವರ್ಷಕ್ಕೆ ಸಾಕು. ಎರಡನೆಯದು ಐವತ್ತೇಳು ವರ್ಷಕ್ಕೆ. "ಮೊಮ್ಮಕ್ಕಳ ಹೆಸರಿಗೆ ಬಿಲ್ ಬರೀಲಾ?" ಎಂದರು.

ನಗು ಮುಗಿಯುವ ಹೊತ್ತಿಗೆ ಗೌಡರು ತಗ್ಗಿದ ದನಿಯಲ್ಲಿ ಕೇಳಿದರು: "ಎಲೆಚುಕ್ಕಿ ಇಲ್ಲ ತಾನೆ ನಿಮ್ಮ ಗಿಡಕ್ಕೆ?"

ಬೆಂಚು ಸುಮ್ಮನಾಯಿತು. ಅಲ್ಲಿ ಕೂತಿದ್ದವರೆಲ್ಲ ಬಂದದ್ದು ಅದಕ್ಕೇ ಔಷಧಿ ಒಯ್ಯಲು. ಅಡಿಕೆಯ ಕೊಳೆರೋಗವನ್ನು ನಮ್ಮವರು ಹೇಗೋ ನಿಭಾಯಿಸಿಕೊಂಡು ಬಂದಿದ್ದಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ನೂರು ವರ್ಷಕ್ಕೂ ಹಿಂದೆ ಮೈಲುತುತ್ತ, ಸುಣ್ಣದ ಬೋರ್ಡೋ ಕಲಿಸಿಕೊಟ್ಟಿದ್ದರು. ಎಲೆಚುಕ್ಕಿ ಹಾಗಲ್ಲ. ಒಂದು ಮಳೆಗಾಲದಲ್ಲಿ ಸೋಗೆಯ ಮೇಲೆ ಚುಕ್ಕಿ. ಎರಡು ಮೂರು ಮಳೆಗಾಲ ಕಳೆದರೆ ಸೋಗೆ ಒಣಗಿ ಮರದ ತಲೆಯೇ ಬೋಳು. ಗೌಡರ ಮಡಿಲಲ್ಲಿದ್ದ ಚೀಟಿಯಲ್ಲಿ ಸಾಲದ ಲೆಕ್ಕ ಕಾಣುತ್ತಿತ್ತು. ನನ್ನ ಎರಡಡಿಯ ಕಥೆ ಹೇಳಲು ಬೇರೆ ಬೆಂಚು ಹುಡುಕಬಹುದಿತ್ತು ಅನ್ನಿಸಿತು.

"ಚುಕ್ಕಿ ಇಲ್ಲ. ಹಳೇ ಎಲೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳ್ತದೆ. ಆಮೇಲೆ ಸುತ್ತ ಹಳದಿಯಾಗ್ತದೆ," ಎಂದೆ.

"ಹಳೇ ಎಲೆಯಲ್ಲಾ? ಹಂಗಾರೆ ಪೊಟ್ಯಾಷ್ ಕಮ್ಮಿ. ತುದಿ ಎಲೆ ಬೆಳ್ಳಗಾದ್ರೆ ಕಬ್ಬಿಣ ನೋಡಿ," ಎಂದರು ಗೌಡರು. ಅಮಾನೊನ ಶಿಷ್ಯಕೋಟಿ ಇದನ್ನೇ ಪುಟಗಟ್ಟಲೆ ಬರೆದಿದೆ. ತೊಟ್ಟಿಯನ್ನೇ ನೋಡದ ಮನುಷ್ಯ ಬೆಂಚಿನ ಮೇಲೆ ಕೂತು ಒಂದೇ ಉಸಿರಿಗೆ ಹೇಳಿದ್ದರು. 13-0-45 ಹಾಕತೊಡಗಿದ ಮೇಲೆ ಹೊಸ ಎಲೆಗಳಲ್ಲಿ ತೂತಿಲ್ಲ.

ಹಾಗೆ ತೂತು ಬಿದ್ದಿದ್ದ ಗಿಡದ ಹೆಸರು ಲಗೆನಾಂಡ್ರ ಮೀಬೋಲ್ಡಿ. ಬೆಂಗಳೂರಿನಿಂದ ಪ್ಲಾಸ್ಟಿಕ್ ಬಟ್ಟಲಲ್ಲಿ ಬಂದದ್ದು. ಹೆಸರು ಕೇಳಿ ಬ್ರೆಜಿಲ್ಲಿನದೇ ಇರಬೇಕೆಂದುಕೊಂಡಿದ್ದೆ. ನೋಡಿದರೆ ಕೆಸುವಿನ ಕುಲದ್ದು, ಹುಟ್ಟೂರು ಕರ್ನಾಟಕ, ಕೇರಳದ ಘಟ್ಟದ ಹಳ್ಳಗಳು. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪತ್ರೊಡೆಗೆ ಬರುವಷ್ಟು ದೊಡ್ಡ ಎಲೆಯಿಲ್ಲ ಎಂದು ಬದಿಗಿಟ್ಟು, ಇದು ನಮ್ಮ ಹಳ್ಳದಂಚಿನದೇ ಅಲ್ವಾ ಎಂದಳು. ಹೋಗಿ ನೋಡಿದೆವು. ಅದೇ, ಅಥವಾ ಅದರ ದಾಯಾದಿ, ಅರ್ಧ ನೀರಲ್ಲಿ ಅರ್ಧ ಮೇಲೆ, ಗ್ಯಾಸಿಲ್ಲ ಗೊಬ್ಬರವಿಲ್ಲ, ಸೊಂಪಾಗಿ ನಿಂತಿತ್ತು. ಅಲ್ಲಿಯದನ್ನು ಕಿತ್ತು ತಂದಿಲ್ಲ. ಮಿಸ್ ಕೇರಳ ಎಂಬ ಚೆಂದದ ಹೆಸರಿನ ಮೀನನ್ನು ಗಾಜಿನ ತೊಟ್ಟಿಗಳಿಗಾಗಿ ಹೊಳೆಗಳಿಂದ ಬಾಚಿ ಬಾಚಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು ನಮ್ಮಂಥ ಮರುಳರೇ.

ಆದರೆ ಅದೇ ಹಳ್ಳದ ಮೇಲ್ಗಡೆ, ಬೋರ್ಡೋ ಹೊಡೆದು ಮುಗಿಸಿದವರು ಡ್ರಮ್ಮು ತೊಳೆದ ಜಾಗದಲ್ಲಿ ನೀಲಿ ಗಸಿ ನಿಂತಿತ್ತು. ಅದರಾಚೆ ದಂಡೆಗೆ ಕಳೆನಾಶಕ ಹೊಡೆದು ಒಂದು ಗೀಟು ಎಳೆದ ಹಾಗೆ ಹುಲ್ಲೆಲ್ಲ ಸುಟ್ಟುಹೋಗಿತ್ತು. ನನ್ನ ತೊಟ್ಟಿಗೆ ತಾಮ್ರದ ಒಂದು ಚೂರು ಬಿದ್ದೀತೆಂದು ಹಿತ್ತಾಳೆ ಚೊಂಬಿನಲ್ಲಿ ನೀರನ್ನೂ ಹಾಕುವುದಿಲ್ಲ ನಾನು. ಅದರಲ್ಲಿ ಸಾಕಿದ ಸೀಗಡಿಯ ಜೀವಕ್ಕೆ ತಾಮ್ರ ಅಷ್ಟು ಕೆಟ್ಟದ್ದು. ಹಳ್ಳದ ಸೀಗಡಿಗೂ ಅದು ಅಷ್ಟೇ ಕೆಟ್ಟದ್ದು.

ಗುಳ್ಳೆ ಬಂತೇ ಎಂದು ಹಳೆಯ ಶಿಷ್ಯರು ಫೋನಿನಲ್ಲಿ ಕೇಳುತ್ತಾರೆ. ಬಂತು. ದೀಪ ಹಾಕಿದ ಮೂರನೇ ಗಂಟೆಗೆ ಎಲೆಯಂಚಿನಿಂದ ಒಂದೊಂದೇ ಎದ್ದು ಮೇಲೆ ಹೋಗುತ್ತದೆ. ಅವ್ವ ಕುರ್ಚಿ ಹಾಕಿಕೊಂಡು ನೋಡುತ್ತಾರೆ, ಧಾರಾವಾಹಿಯ ಜಾಹೀರಾತಿನ ಹೊತ್ತಿನಲ್ಲಿ ಮಾತ್ರ.

ನನ್ನಲ್ಲಿ ಈಗ ತೆರೆದ 0-52-34 ಒಂದು ಪೊಟ್ಟಣ ಇದೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದಿದೆ, ತೇವಕ್ಕೆ ಗಟ್ಟಿಯಾಗುವ ಮೊದಲು ಯಾರಿಗಾದರೂ ಸಲ್ಲಲಿ. ಕುಪ್ಪಳ್ಳಿ ಕಡೆ ಬಂದರೆ ಗಾಳಿಯಾಡದ ಡಬ್ಬಿ ತನ್ನಿ, ಬಿಟ್ಟಿ ಕೊಡುತ್ತೇನೆ. ಸ್ಪ್ರೇ ಮಾಡಿದ ಮೇಲೆ ಡ್ರಮ್ಮನ್ನು ಮಾತ್ರ ಹಳ್ಳಕ್ಕೆ ಇಳಿಸಬೇಡಿ. ತೋಟದಲ್ಲೇ, ಮರದ ಬುಡದಲ್ಲೇ ತೊಳೆಯಿರಿ.