ಮೀಸೆಯೇ ಪುರಾವೆ

ಕರ್ನಾಟಕದಲ್ಲಿ 18 ತುಂಬಿದವರು ಮತ ಹಾಕಿ ಸರ್ಕಾರವನ್ನೇ ಉರುಳಿಸಬಹುದು. ಬಿಯರ್ ಬಾಟಲಿಗೆ ಮಾತ್ರ, ಅಬಕಾರಿ ನಿಯಮದ ಪ್ರಕಾರ, 21 ತುಂಬಬೇಕು. ಗಂಡಿನ ಮದುವೆಗೂ 21. ಒಂದಕ್ಕೆ ಇನ್ನೊಂದು ಪರಿಹಾರವಾಗಿ ಇರಲಿ ಎಂದು ಯಾರೋ ಅನುಭವಸ್ಥರೇ ಬರೆದಂತಿದೆ. 2023ರ ಜನವರಿಯಲ್ಲಿ ಮದ್ಯದ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು. ಜನ ಗಲಾಟೆ ಮಾಡಿದ್ದೇ ತಡ, ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಯಿತು. 2025ರಲ್ಲಿ ತಂಬಾಕೂ 18ರಿಂದ 21ಕ್ಕೆ ಏರಿತು.

ನಮ್ಮ ಬೀದಿಯ ಗೂಡಂಗಡಿಯ ಬೋರ್ಡಿನಲ್ಲಿ ಇನ್ನೂ 18 ಎಂದೇ ಇದೆ. ಅದೂ ಪಾನ್ ಮಸಾಲಾ ಪೊಟ್ಟಣಗಳ ಸರ ಸರಿಸಿದರೆ ಕಾಣುತ್ತದೆ. ಅಂಗಡಿಯವರ ಲೆಕ್ಕ ಬೇರೆ. ಮೀಸೆ ಇದ್ದರೆ ಸಿಗರೇಟು, ಇಲ್ಲದಿದ್ದರೆ "ಅಪ್ಪಂಗಾ?" ಎಂದು ಕೇಳಿ ಸಿಗರೇಟು. ಹುಡುಗ ತಲೆಯಾಡಿಸಿದರೆ ಸಾಕು. ದಾರಕ್ಕೆ ಕಟ್ಟಿದ ಲೈಟರಿನಲ್ಲಿ ಅವನೇ ಅದನ್ನು ಹಚ್ಚಿಕೊಂಡರೂ ಅಪ್ಪನ ಮರ್ಯಾದೆಗೆ ಕುಂದಿಲ್ಲ.

ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳಬಹುದು, ಕೊಂಡವನು ಚಿಕ್ಕವನಲ್ಲವೆಂದು ಸಾಬೀತು ಮಾಡುವ ಹೊಣೆ ಮಾರಿದವನದು ಎಂದು ಕೇಂದ್ರದ ತಂಬಾಕು ನಿಯಮ ಹೇಳುತ್ತದೆ. ತೊಂದರೆಯೆಂದರೆ, ನಮ್ಮವರಿಗೆ ಅನುಮಾನವೇ ಬರುವುದಿಲ್ಲ. ಐನೂರರ ನೋಟು ಕೊಟ್ಟರೆ ಮಾತ್ರ ಬೆಳಕಿಗೆ ಹಿಡಿದು, ತಿರುಗಿಸಿ, ಉಜ್ಜಿ ನೋಡುತ್ತಾರೆ. ಗುರುತು ಪರೀಕ್ಷೆ ಏನಿದ್ದರೂ ಗಾಂಧೀಜಿಗೆ.

ಆಧಾರ್ ಇಲ್ಲದ ಕಾಲದಲ್ಲಿ ಊರಲ್ಲಿ "ಯಾರ ಮಗನೋ ನೀನು?" ಎಂಬ ಪ್ರಶ್ನೆ ಇತ್ತು. ತಾತನಿಗೆ ಬೀಡಿ ಕಟ್ಟು ತರಲು ಹೋದವನು ಎರಡನೇ ಕಟ್ಟು ಕೇಳಿದರೆ, ಅವನಿಗಿಂತ ಮೊದಲು ಸುದ್ದಿ ಮನೆ ಸೇರುತ್ತಿತ್ತು. ಬೆಂಗಳೂರಿನಲ್ಲಿ ಯಾರ ಮಗ ಯಾರೆಂದು ಯಾರಿಗೆ ಗೊತ್ತು? ವೈನ್ ಸ್ಟೋರಿನ ಜಾಲರಿಯ ಹಿಂದೆ ಕೂತವನಿಗೆ ಕಾಣುವುದು ಕಿಂಡಿಯೊಳಗೆ ನುಗ್ಗಿದ ಕೈ ಮಾತ್ರ. ಕೈಗೆ ಮೀಸೆ ಬರುವುದಿಲ್ಲವಲ್ಲ.

ದುಬಾರಿ ಪಬ್ಬುಗಳ ಬಾಗಿಲಲ್ಲಿ ಬೌನ್ಸರ್ ಕಾರ್ಡು ಕೇಳುವುದುಂಟು. ಹುಡುಗರು ಫೋನಿನಲ್ಲಿ ಅಣ್ಣನ ಆಧಾರ್ ತೋರಿಸುತ್ತಾರೆ. ಆಧಾರ್ ಫೋಟೊದಲ್ಲಿ ಯಾರೂ ತಮ್ಮಂತೆ ತಾವಿರುವುದಿಲ್ಲವಾದ್ದರಿಂದ, ಯಾರ ಕಾರ್ಡು ಯಾರಿಗಾದರೂ ಸಲ್ಲುತ್ತದೆ.

ಅಂಗಡಿಯ ಅಣ್ಣಂದಿರಲ್ಲಿ ನನ್ನದೊಂದು ಅಹವಾಲು. "ಅಪ್ಪಂಗಾ?" ಎಂದು ನೀವೇ ಉತ್ತರ ಹೇಳಿಕೊಡಬೇಡಿ. "ವಯಸ್ಸೆಷ್ಟು, ಕಾರ್ಡು ತೋರಿಸು" ಅನ್ನಿ. ಹುಡುಗ ಸುಳ್ಳನ್ನಾದರೂ ಸ್ವಂತವಾಗಿ ಕಟ್ಟಲಿ.