ಬೆನ್ನೆಲುಬು ಮೀಮಾಂಸೆ: ಹೆಬ್ಬಾಳ ಪಂಥದ ಒಂದು ವ್ಯಾಖ್ಯಾನ

ಮನುಷ್ಯನಿಗೆ ಬೆನ್ನೆಲುಬು ಇದೆ ಎಂಬುದಕ್ಕೆ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ ಮತ್ತು ಬಿಎಂಟಿಸಿ. ಸ್ವಂತ ಬೆನ್ನನ್ನು ಯಾರೂ ನೇರವಾಗಿ ಕಂಡವರಿಲ್ಲ. ಆದ್ದರಿಂದ ಪ್ರತ್ಯಕ್ಷ ಬಿದ್ದುಹೋಯಿತು. ಸಾಹೇಬರ ಮುಂದೆ ಬಾಗುವವರನ್ನು ನೋಡಿದ ಮೇಲೆ ಅನುಮಾನವೂ ನಿಲ್ಲದು. ಉಳಿದದ್ದು ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನ ಕೊನೆಯ ಸೀಟು. ಹಿಂದಿನ ಚಕ್ರಕ್ಕಿಂತ ಹಿಂದಕ್ಕೆ ಚಾಚಿಕೊಂಡಿರುವ ಈ ವಿದ್ಯಾಪೀಠವು, ಚಕ್ರ ಹಂಪ್ ಹತ್ತಿದಾಗ ಚಕ್ರಕ್ಕಿಂತಲೂ ಮೇಲಕ್ಕೆ ಏಳುತ್ತದೆ. ಕೂತವನ ಒಂದೊಂದು ಕಶೇರುವೂ ಆಗ ಹೆಸರು ಹೇಳಿ ಹಾಜರಿ ಕೊಡುತ್ತದೆ.

ಹಾಜರಿ ಹೀಗಿದೆ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಕೆಳಗಿನ 5 ಬೆಸೆದುಕೊಂಡು ತ್ರಿಕಾಸ್ಥಿ, ಅದರಡಿ ಸಾಮಾನ್ಯವಾಗಿ 4 ಕೂಡಿ ಬಾಲದ ಮೂಳೆ. ಎಳೆಯ ಮಗುವಿನಲ್ಲಿ 33 ಇದ್ದದ್ದು ದೊಡ್ಡವರಲ್ಲಿ 26ಕ್ಕೆ ಇಳಿದದ್ದು ಹೇಗೆಂದು ಆಡಿಟ್ ಆಕ್ಷೇಪಣೆ ಎತ್ತುವವರಿಗೆ ಸಮಾಧಾನ: ಆ 7 ಕಳುವಾಗಿಲ್ಲ, ವಿಲೀನವಾಗಿವೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿ ಸರಿಯಾಗಿ 7 ನಗರಸಭೆಗಳು ಬಿಬಿಎಂಪಿಯಲ್ಲಿ ಕರಗಿದವಲ್ಲ, ಹಾಗೆ. ಸಂಖ್ಯೆ ಹೊಂದಿಕೊಂಡದ್ದು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕ್ಕು.

ಕಶೇರುಗಳ ನಡುವೆ 23 ಡಿಸ್ಕ್‌ಗಳಿವೆ. ತಲೆಬುರುಡೆಗೂ ಮೊದಲ ಕಶೇರುವಿಗೂ ನಡುವೆ ಇಲ್ಲ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆಯೂ ಇಲ್ಲ. ಕಾರಣ ಸ್ಪಷ್ಟ. ಮೇಲಿನ ಕೀಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಕೆಳಗಿನದು ಅತ್ತಿತ್ತ ತಿರುಗಿಸುತ್ತದೆ. ಕಂಡಕ್ಟರು "ಚಿಲ್ಲರೆ ಇದೆಯಾ?" ಎಂದಾಗ ಇಡೀ ಬಸ್ಸಿನಲ್ಲಿ ಕೆಲಸ ಮಾಡುವುದು ಎರಡನೆಯದು ಮಾತ್ರ.

ಹಗಲೆಲ್ಲ ಮೈಭಾರ ಹೊತ್ತು ಡಿಸ್ಕ್‌ಗಳು ನೀರು ಬಿಟ್ಟುಕೊಡುವುದರಿಂದ ಸಂಜೆಗೆ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಗಿಡ್ಡನಾಗುತ್ತಾನೆ. ಇದು ಹೆಬ್ಬಾಳ ಫ್ಲೈಓವರಿನ ಮಹಿಮೆ ಎಂದು ಸ್ಥಳೀಯ ಪಂಡಿತರ ವಾದ. ಆದರೆ ಫ್ಲೈಓವರೇ ಇಲ್ಲದ ಊರಲ್ಲೂ ಜನ ಕುಗ್ಗುತ್ತಾರೆ, ರಾತ್ರಿ ಮಲಗಿ ಮತ್ತೆ ಬೆಳೆಯುತ್ತಾರೆ. ಅಸ್ಥಿಬಂಧಗಳ ವಿಷಯದಲ್ಲಿ ಮಾತ್ರ ಫ್ಲೈಓವರಿನಿಂದಲೇ ಕಲಿಯಬೇಕು: 2021ರ ಡಿಸೆಂಬರಿನಲ್ಲಿ ಗೊರಗುಂಟೆಪಾಳ್ಯದ ಆಚೆ, ಪೀಣ್ಯ ಮೇಲ್ಸೇತುವೆಯ ಒಳಗಿನ ಕೇಬಲ್ಲುಗಳು ದುರ್ಬಲವಾಗಿ ಸಂಚಾರ ನಿಂತಿತು. ಕಂಬಗಳು ನಿಂತೇ ಇದ್ದವು. ಸೊಂಟ ಹಿಡಿದವನ ಎಕ್ಸ್‌ರೇ ನೋಡಿ "ಮೂಳೆಗೇನೂ ಆಗಿಲ್ಲ" ಎನ್ನುವ ಡಾಕ್ಟರೂ ಇದನ್ನೇ ಹೇಳುವುದು.

ಇನ್ನು ಪಕ್ಕೆಲುಬು. 12 ಜೊತೆ, ಹೆಂಗಸಿಗೂ ಗಂಡಸಿಗೂ ಅಷ್ಟೇ. (ಹಸುವಿಗೆ 13. ನಂಬದವರು 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.) ಮೊದಲ 7 ಜೊತೆಗಳು ಎದೆಮೂಳೆಯನ್ನು ನೇರವಾಗಿ ಭೇಟಿಯಾಗುತ್ತವೆ. 8, 9, 10ನೆಯವು ಮೇಲಿನವರ ಮೃದ್ವಸ್ಥಿ ಹಿಡಿದು, ಶಿಫಾರಸಿನ ಮೇಲೆ ತಲುಪುತ್ತವೆ. ಕೊನೆಯ 2 ಜೊತೆಗಳಿಗೆ ಮುಂದೆ ಹೇಳಿಕೊಳ್ಳುವವರೇ ಇಲ್ಲ. ಪೊಲೀಸ್ ಕೆಲಸಕ್ಕೆ ಹೋದ ಹುಡುಗರು ಈ ಗೂಡನ್ನು 5 ಸೆಂಟಿಮೀಟರ್ ಹಿಗ್ಗಿಸಿ ತೋರಿಸಬೇಕು. ಸಂಜೆ ಆರಕ್ಕೆ ಮೇಖ್ರಿ ಸರ್ಕಲಿನಲ್ಲಿ ಆರ್.ಟಿ. ನಗರದ ಬಸ್ಸು ಹತ್ತಿದವನಿಗೆ ಅರ್ಧ ಸೆಂಟಿಮೀಟರಿಗೂ ಎಡೆಯಿಲ್ಲ. ವಪೆಯೊಂದನ್ನೇ ನಂಬಿ ಹೊಟ್ಟೆಯಲ್ಲಿ ಉಸಿರಾಡುತ್ತಾನೆ, ಎದುರಿಗೆ ನಿಂತವನು ಗುರಾಯಿಸುತ್ತಾನೆ.

ಯಶವಂತಪುರ ಯಾರ್ಡಿನ ಹಮಾಲಿಗಳು ಈರುಳ್ಳಿ ಚೀಲವನ್ನು ಬೆನ್ನಿಗೆ ಅಂಟಿಸಿಕೊಂಡೇ ಹೊರುತ್ತಾರೆ. ಭಾರ ಮೈಯಿಂದ ದೂರ ಸರಿದಷ್ಟೂ ಸೊಂಟದ ಮೇಲಿನ ಎಳೆತ ಹೆಚ್ಚು. ಇದನ್ನರಿಯದ ಪದವೀಧರರು 20 ಲೀಟರಿನ ನೀರಿನ ಕ್ಯಾನನ್ನು ಕೈ ಚಾಚಿ ಎತ್ತುತ್ತಾರೆ, ಅಲ್ಲೇ ಉಳುಕುತ್ತಾರೆ. ಉಳುಕಿಗೆ ಪರಂಪರೆಯ ಮದ್ದು ಒಂದೇ: ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು. ಆದರೆ ಅಂಥ ಮಕ್ಕಳನ್ನು ಈಗ ಹೆಚ್ಚಾಗಿ ಸಿಸೇರಿಯನ್ ಮಾಡಿಯೇ ತೆಗೆಯುತ್ತಾರಾದ್ದರಿಂದ ಒದೆಯುವ ಅರ್ಹತೆಯ ಪ್ರಶ್ನೆ ಜಟಿಲವಾಗಿದೆ. ಕೊಯ್ದ ಹೊಟ್ಟೆಯಿಂದ ಕಾಲು ಮೊದಲು ಬಂದರೂ ಸಾಕು ಎಂಬುದು ಯಲಹಂಕ ಹಳೆಯ ನಗರದ ಮತ. ಉಪನಗರದವರು ಡಿಸ್ಚಾರ್ಜ್ ಸಮ್ಮರಿ ಕೇಳುತ್ತಾರೆ.