ಕೆರೂರ ಬಂದರು ಮತ್ತು ಕಂದು ಹಡಗು: ಒಂದು ಶಾಸ್ತ್ರೀಯ ವಿವೇಚನೆ

ಹಾಯಿ ಹಡಗು, ಯುದ್ಧನೌಕೆಗಳ ಫೋಟೊ ತೆಗೆದು ಅವಕ್ಕೆ ಹಳೆಗಾಲದ ಕಳೆ ಕಟ್ಟುವ ವಿದ್ಯೆ ಕರಾವಳಿಯದು ಎಂದು ಬಹುಕಾಲದಿಂದ ನಂಬಲಾಗಿದೆ. ಸಮುದ್ರ ಕರಾವಳಿಯಲ್ಲಿದೆ ಎಂಬುದೊಂದೇ ಈ ನಂಬಿಕೆಗಿರುವ ಆಧಾರ. ಪ್ರಸ್ತುತ ಪ್ರಬಂಧವು ಆ ವಿದ್ಯೆಯ ಮೂಲಸ್ಥಾನವನ್ನು ಬಾದಾಮಿ ತಾಲ್ಲೂಕಿನ ಕೆರೂರಿಗೆ ವರ್ಗಾಯಿಸುತ್ತದೆ. ಕೆರೂರು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಸಮುದ್ರದ ಬಗ್ಗೆ ನಿಷ್ಪಕ್ಷಪಾತವಾಗಿ ಮಾತಾಡಲು ಇಷ್ಟು ಎತ್ತರ ಅವಶ್ಯ.

ಮೊದಲು ಭೌಗೋಳಿಕ ಆಧಾರ. ಸೊಲ್ಲಾಪುರ, ವಿಜಯಪುರದ ಕಡೆಯಿಂದ ಬಂದು ಕೆರೂರಿನ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಅಲ್ಲಿಗೇ ನಿಲ್ಲುವುದಿಲ್ಲ; ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲಾದಲ್ಲಿ ಕಡಲು ಕಂಡ ಮೇಲೇ ಸುಮ್ಮನಾಗುತ್ತದೆ. ಆದ್ದರಿಂದ ಅರಬ್ಬಿ ಸಮುದ್ರವು ಕೆರೂರ ರಸ್ತೆಯ ಒಂದು ತುದಿ ಎಂಬುದು ಸ್ವತಃಸಿದ್ಧ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರ ಮುಂದೆ ಈ ವಾದ ಮಂಡಿಸಲಾಗಿ, ಅವರು "ಹಂಗ ನೋಡಿದ್ರ ದಿಲ್ಲಿನೂ ನಮ್ಮೂರ ಬಾಜೂಕ ಐತಿ ತಗೋರಿ" ಎಂದು ಅನುಮೋದಿಸಿದರು.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಈ ಸೀಮೆಯವರಿಗೆ ನೀರಿನ ಮೇಲೆ ತೇಲುವ ವಸ್ತುವಿನ ಪರಿಚಯವೇ ಎಲ್ಲಿ? ಉತ್ತರ ಸುಲಭ. ಬನಶಂಕರಿ ಜಾತ್ರೆಯ ತೆಪ್ಪೋತ್ಸವದಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿ, ಎಳೆಗೂಸುಗಳನ್ನು ಅದರಲ್ಲಿಟ್ಟು ಹೊಂಡದಲ್ಲಿ ತೇಲಿಸುವ ಪದ್ಧತಿ ಉಂಟು. ಮಾತು ಬರುವ ಮುಂಚೆಯೇ ನೌಕಾಸೇವೆಗೆ ಸೇರುವ ಜನ ಕರಾವಳಿಯಲ್ಲೂ ಸಿಗಲಿಕ್ಕಿಲ್ಲ.

ಶಾಸನಾಧಾರ ಇದಕ್ಕಿಂತ ಗಟ್ಟಿ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಕೇಶಿಯ ನೌಕಾದಾಳಿಯನ್ನು ಬಣ್ಣಿಸಿದ್ದಾನೆ. ಪಡುಗಡಲಿನ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳು ಮುತ್ತಿದವಂತೆ. ಆ ಪುರಿ ಮುಂಬಯಿ ಪಕ್ಕದ ಘಾರಾಪುರಿಯೋ ಜಂಜೀರಾ ಹತ್ತಿರದ ರಾಜಪುರಿಯೋ ಎಂದು ವಿದ್ವಾಂಸರು ಕಿತ್ತಾಡುತ್ತಾರೆ. ಅದು ಕೆರೂರೇ ಏಕಾಗಿರಬಾರದು ಎಂದು ಒಬ್ಬರೂ ಕೇಳದಿರುವುದು ಸಂಶೋಧನಾ ಕ್ಷೇತ್ರದ ದೊಡ್ಡ ಕೊರತೆ. ಇರಲಿ. ನಮಗೆ ಮುಖ್ಯವಾದದ್ದು ಆ ಹಡಗುಗಳು ಹೇಗಿದ್ದವು ಎಂಬುದು. ಕೂವೆಮರ ಎಷ್ಟು, ಹಾಯಿ ಯಾವ ಆಕಾರದ್ದು, ಹುಟ್ಟು ಹಾಕುವವರು ಎಲ್ಲಿ ಕೂರುತ್ತಿದ್ದರು, ಒಂದನ್ನೂ ಕವಿ ಹೇಳುವುದಿಲ್ಲ. ಮದವೇರಿದ ಆನೆಗಳ ಹಾಗಿದ್ದವು ಎಂದುಬಿಡುತ್ತಾನೆ. ವಸ್ತುವನ್ನು ತೋರಿಸದೆ ಅದರ ಮೇಲೊಂದು ಕಳೆ ಹೊದಿಸಿ ಕೈತೊಳೆದುಕೊಳ್ಳುವ ಈ ವಿಧಾನಕ್ಕೆ ಇಂದಿನ ಮೊಬೈಲಿನವರು ಫಿಲ್ಟರ್ ಎನ್ನುತ್ತಾರೆ. ಫೋಟೊಗ್ರಫಿಗಿಂತ ಸಾವಿರದ ಇನ್ನೂರು ವರ್ಷ ಮೊದಲೇ ಫಿಲ್ಟರನ್ನು ಕಂಡುಹಿಡಿದ ಕೀರ್ತಿ ಹೀಗೆ ಐಹೊಳೆ, ಕೆರೂರು ಎರಡೂ ಇರುವ ನಮ್ಮ ಜಿಲ್ಲೆಗೆ ಸಲ್ಲುತ್ತದೆ.

ಕ್ಯಾಮೆರಾ ಮಾತ್ರ ತಡವಾಗಿ ಬಂತು. ಬೊಂಬಾಯಿ ಸರ್ಕಾರ 1855ರಲ್ಲಿ ನೇಮಿಸಿದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಬಾದಾಮಿ, ಐಹೊಳೆಗಳ ಗುಡಿಗಳ ಫೋಟೊ ತೆಗೆದ; ಅವನ ಚಿತ್ರಗಳೂ ಡಾ. ಪಿಗೂ ಮೊದಲಾದವರ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದೊಂದಿಗೆ ದೊಡ್ಡ ಪುಸ್ತಕವಾಯಿತು. ಅದರಲ್ಲಿ ಹಡಗಿಲ್ಲ. ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ಹಡಗಿನಲ್ಲೇ ಬಂದವನಿಗೆ ಮತ್ತೆ ಅದನ್ನು ನೋಡುವ ಮನಸ್ಸಿರಲಾರದು ಎಂಬುದು ನಮ್ಮ ಊಹೆ.

ಅದೇ ಹೊತ್ತಿಗೆ, 1858ರಲ್ಲಿ, ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಶೆರ್ಬೂರ್ ಬಂದರಿನಲ್ಲಿ ನಿಂತ ಯುದ್ಧನೌಕೆಗಳನ್ನು ಸೆರೆಹಿಡಿಯುತ್ತಿದ್ದ. ಆಗಿನ ಗಾಜಿನ ಫಲಕಕ್ಕೆ ನೀಲಿ ಕಂಡರೆ ಅತಿಪ್ರೀತಿ. ಕಡಲಿಗೆ ಸರಿಹೊಂದಿಸಿದರೆ ಆಕಾಶ ಸುಣ್ಣದ ಗೋಡೆಯಾಗುತ್ತಿತ್ತು. ಅದಕ್ಕೇ ಅವನು ಹಲವು ಕಡಲಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಮಾಡಿ ಎರಡನ್ನೂ ಜೋಡಿಸಿದ. ಈ ಹಳಬರು ಬೆವರು ಸುರಿಸಿದ್ದೆಲ್ಲ ಚಿತ್ರ ತಿಳಿಯಾಗಿ ಬರಲಿ ಎಂದು. ಮೂಲೆಗಳು ಕಪ್ಪಾದದ್ದು ಮಸೂರದ ಬೆಳಕು ಅಂಚಿನವರೆಗೆ ಮುಟ್ಟದ್ದಕ್ಕೆ. ಕಾಗದ ಹಳದಿಯಾದದ್ದು ಚಿತ್ರ ಸ್ಥಿರಗೊಳಿಸುವ ಹೈಪೋ ದ್ರಾವಣವನ್ನು ಸರಿಯಾಗಿ ತೊಳೆಯದ್ದಕ್ಕೆ. ಬೇಕೆಂದೇ ಕೊಟ್ಟದ್ದು ಆಮೇಲೆ ಬಂದ ಸೆಪಿಯಾ, ಎಂದರೆ ಕಂದು ಬಣ್ಣ: ಚಿತ್ರದ ಬೆಳ್ಳಿ ಬೆಳ್ಳಿಯ ಸಲ್ಫೈಡ್ ಆದರೆ ಬೇಗ ಮಾಸುವುದಿಲ್ಲ. ಅಂದರೆ ಅವರು ಕಂದು ಹಚ್ಚಿದ್ದು ಚಿತ್ರ ಹಳತಾಗದಿರಲಿ ಎಂದು, ನಾವು ಹಚ್ಚುವುದು ಬೇಗ ಹಳತಾಗಲಿ ಎಂದು. ಈ ವ್ಯತ್ಯಾಸವನ್ನು ಪ್ರಗತಿ ಎಂದು ಕರೆಯುವುದು ವಾಡಿಕೆ.

ನಮ್ಮ ಕೆರೂರ ಸಿದ್ಧಾಂತದ ಪರೀಕ್ಷೆಗೆ ಕಾರವಾರದ ಟಾಗೋರ್ ಕಡಲತೀರವನ್ನು ಆರಿಸಿಕೊಳ್ಳಲಾಯಿತು. ಅಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿರುವ ಐಎನ್‌ಎಸ್ ಚಪಲ್ ಕೆರೂರ ಪಂಥಕ್ಕೆ ಹೇಳಿಮಾಡಿಸಿದ ನೌಕೆ, ಏಕೆಂದರೆ ಅದೂ ನೆಲದ ಮೇಲಿದೆ. ಹೆಸರಿಗೆ ಚಪಲ, ಅಲ್ಲಾಡುವುದಿಲ್ಲ. ಇದು ಸೋವಿಯತ್ ಮಾದರಿಯ ಕ್ಷಿಪಣಿ ದೋಣಿ. 1971ರ ಡಿಸೆಂಬರ್ 4ರ ರಾತ್ರಿ ಇದೇ ಕುಲದ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಚಪಲ್ ಸೇವೆಗೆ ಬಂದದ್ದು 1976ರಲ್ಲಿ. ಆದರೆ ಸೆಪಿಯಾ ಹಚ್ಚಿದರೆ ಅದೂ ಕರಾಚಿಗೆ ಹೋಗಿಬರುತ್ತದೆ. ಇನ್ನಷ್ಟು ಹಚ್ಚಿದರೆ ಮೊದಲ ಮಹಾಯುದ್ಧಕ್ಕೂ ಹೋಗುತ್ತದೆ. ಹಾಯಿ ಹಡಗಿನಲ್ಲಿ ಈ ಗುಣ ಇನ್ನೂ ಹೆಚ್ಚು. ನಮ್ಮ ನೌಕಾಪಡೆಯ ಮೂರು ಕೂವೆಮರದ ತರಂಗಿಣಿ 1997ರದು, ಗೋವಾದಲ್ಲಿ ಕಟ್ಟಿದ್ದು; ಕಂದು ಮಾಡಿದರೆ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಜೊತೆಗಾರ್ತಿ. ನೆಲ್ಸನ್ 1805ರಲ್ಲೇ ಸತ್ತ, ಆಗ ಫೋಟೊ ಎಂಬುದೇ ಇರಲಿಲ್ಲ ಎಂಬ ತೊಡಕನ್ನು ಅಭಿರುಚಿಯುಳ್ಳವರು ಎತ್ತುವುದಿಲ್ಲ. ಅತ್ತ 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲಿ, ಫೋಟೊಗಿಂತ ಹಿರಿಯಳು, ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇನ್ನೂ ತೇಲುತ್ತಿದ್ದಾಳೆ. ಅವಳು ನಿಜಕ್ಕೂ ಹಳಬಳಾದ್ದರಿಂದ ಎಲ್ಲರೂ ಬಣ್ಣದಲ್ಲೇ ತೆಗೆಯುತ್ತಾರೆ.

ಕ್ಷೇತ್ರಕಾರ್ಯದ ದಿನ ಚಪಲ್ ಮುಂದೆ ಕೆರೂರ ಕಡೆಯದೇ ಒಂದು ಕುಟುಂಬ ಸಿಕ್ಕಿದ್ದು ಅಧ್ಯಯನದ ಪುಣ್ಯ. ಅತ್ತೆ ಇಳಕಲ್ ಸೀರೆಯಲ್ಲಿದ್ದರು: ಚಿಕ್ಕಿಪರಾಸ ದಡಿ, ಕೆಂಪು ಟೋಪ್‌ತೆನಿ ಸೆರಗು. ಅಳಿಯ ಫೋಟೊ ಹೊಡೆದು, ಬೆರಳಲ್ಲಿ ಎರಡು ಸಲ ತೀಡಿ, ತೋರಿಸಿದ. ಕೆಂಪು ಸೆರಗು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದಿತ್ತು.

"ಇಳಕಲ್ಲಾಗ ಆರಿಸಿ ತಂದ ಸೀರಿ ಅದು. ಒಗದ ಒಗದ ಬಣ್ಣ ಹೋದಂಗ ಮಾಡಿಯಲ್ಲೋ!"

"ವಿಂಟೇಜ್ ಅತ್ತಿ ಇದು. ಹಳೇ ಕಾಲದ್ದು."

"ಹಳೇ ಕಾಲದ್ದ ಬೇಕಂದಿದ್ರ ನಮ್ಮವ್ವನ ಸೀರಿ ಉಟ್ಕೊಂಡ ಬರ್ತಿದ್ನಿ."

ಶಾಸ್ತ್ರದ ದೃಷ್ಟಿಯಿಂದ ಅತ್ತೆಯ ಆಕ್ಷೇಪ ಸರಿ, ಕಾರಣ ಬೇರೆ. ಹಳೆಯ ಫಲಕಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಆ ಕಾಲದವರ ಕೈಯಲ್ಲಿ ಈ ಸೆರಗು ಕಪ್ಪಾಗಿ ಬರುತ್ತಿತ್ತು, ನೀಲಿ ಆಕಾಶ ಬೆಳ್ಳಗಾಗುತ್ತಿತ್ತು, ಬಾದಾಮಿಯ ಕೆಂಬಂಡೆ ಕಾಡಿಗೆಯಾಗುತ್ತಿತ್ತು. ಮೊಬೈಲು ಕೆಂಪು, ನೀಲಿ, ಬೂದು ಎನ್ನದೆ ಎಲ್ಲದರ ಮೇಲೂ ಒಂದೇ ಸಮ ಕಂದು ಸುರಿಯುತ್ತದೆ. ಅಳಿಯನಿಗೆ ಇದನ್ನು ವಿವರಿಸಲಾಗಿ, ಆತ ಆಸಕ್ತಿಯಿಂದ ಕೇಳಿ, ಮೂಲೆಗಳಿಗೆ ಕತ್ತಲೆ ಹಾಕಿದ. ಆಮೇಲೆ ಉದ್ದುದ್ದ ಗೀರು ಎಳೆದ. ಧೂಳು ಉದುರಿಸಿದ. ಮಂಜು ಕವಿಸಿದ. ಕೊನೆಗೆ ಬಲಗಡೆ ಕೆಳಗೆ, ರೀಲಿನ ಕ್ಯಾಮೆರಾಗಳು ಒತ್ತುತ್ತಿದ್ದ ಕಿತ್ತಳೆ ಅಂಕಿಗಳಲ್ಲಿ, 1890 ಎಂದು ಇಸವಿ ಕೂರಿಸಿ ಅತ್ತೆಯ ಕೈಗೆ ಕೊಟ್ಟ.

ಅತ್ತೆ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಈಗ ಚಲೋ ಬಂದೈತಿ ಬಿಡು," ಎಂದರು. "ಹಡಗ ಎಲ್ಲಿ ಇಟ್ಟಿ?"